‘ರೆಬೆಕ್ಕಾ’ ಓದಿದವರು, ಓದಲಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಾಫ್ನಿ ಡು ಮೋರಿಯೆ ಬರೆದ ‘ರೆಬೆಕ್ಕಾ’ 1938ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಹೊರಬಂತು. ಅಂದಿನಿಂದ ಇಂದಿನವರೆಗೆ ಅಚ್ಚಿನಲ್ಲೇ ಇದೆ. ನಮ್ಮ ಓದುಗರ ಬಳಗದಲ್ಲಿ ಈ ಒಂದು ಕಾದಂಬರಿಯನ್ನು ಮೂರು ಸಲ ಚರ್ಚೆಗೆ ಇಟ್ಟುಕೊಂಡಿದ್ದೇವೆ. ಮೂರು ಸಲವೂ ಮಾತು ಮುಗಿಯದೆ ಎದ್ದಿದ್ದೇವೆ. ಪಕ್ಷ ಒಡೆಯುವುದು ಹೆಂಗಸರು, ಗಂಡಸರು ಅಂತಲ್ಲ. ಹದಿನೆಂಟರ ವಯಸ್ಸಿನಲ್ಲಿ ಓದಿದವರದು ಒಂದು ಮಾತು, ಮದುವೆಯಾಗಿ ಹತ್ತು ವರ್ಷ ಕಳೆದ ಮೇಲೆ ಓದಿದವರದು ಇನ್ನೊಂದು. ಆ ಚರ್ಚೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಅರ್ಧದವರೆಗೆ ಕಥೆಯ ಗುಟ್ಟು ಬಿಟ್ಟಿಲ್ಲ. ಬಿಡುವ ಜಾಗ ಬಂದಾಗ ಮೊದಲೇ ಹೇಳುತ್ತೇನೆ.

ಗುಟ್ಟು ಬಿಡದೆ ಕಥೆ ಹೇಳಿ, ನೋಡೋಣ.

ಇಪ್ಪತ್ತೊಂದು ವರ್ಷದ ಒಬ್ಬ ಹುಡುಗಿ. ಅಪ್ಪ ಅಮ್ಮ ಇಲ್ಲ, ಕೈಯಲ್ಲಿ ಕಾಸಿಲ್ಲ. ಒಬ್ಬ ಶ್ರೀಮಂತ ಅಮೆರಿಕನ್ ಹೆಂಗಸಿನ ಜೊತೆಗಾತಿಯಾಗಿ ಸಂಬಳಕ್ಕೆ ಇದ್ದುಕೊಂಡು ಮಾಂಟೆ ಕಾರ್ಲೊಗೆ ಬಂದಿದ್ದಾಳೆ. ಅಲ್ಲಿನ ಹೋಟೆಲಿನಲ್ಲಿ ಮ್ಯಾಕ್ಸಿಮ್ ಡಿ ವಿಂಟರ್ ಪರಿಚಯವಾಗುತ್ತಾನೆ. ಅವನಿಗೆ ನಲವತ್ತೆರಡು, ಹೆಂಡತಿಯನ್ನು ಕಳೆದುಕೊಂಡವನು. ಕೆಲವೇ ದಿನಗಳಲ್ಲಿ ಮದುವೆ. ಇಂಗ್ಲೆಂಡಿನ ಸಮುದ್ರದಂಚಿನಲ್ಲಿರುವ ಮ್ಯಾಂಡರ್ಲಿ ಎಂಬ ಅವನ ದೊಡ್ಡ ಬಂಗಲೆಗೆ ಹುಡುಗಿ ಯಜಮಾನಿಯಾಗಿ ಬರುತ್ತಾಳೆ. ಬಂದರೆ, ಅಲ್ಲಿ ಎಲ್ಲವೂ ತೀರಿಕೊಂಡ ರೆಬೆಕ್ಕಾಳದೇ. ಹೂದಾನಿ ಇಟ್ಟ ಜಾಗ ಅವಳದು, ಊಟದ ಹೊತ್ತು ಅವಳದು, ಮೇಜಿನ ಖಾನೆಗಳ ಮೇಲಿನ ಕೈಬರಹ ಅವಳದು. ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಡ್ಯಾನ್ವರ್ಸ್ ಅವಳ ಕೋಣೆಯನ್ನು ಇದ್ದ ಹಾಗೇ ಕಾಪಾಡಿಕೊಂಡು ಬಂದಿದ್ದಾಳೆ. ರೆಬೆಕ್ಕಾ ಹೇಗೆ ಸತ್ತಳು, ಮ್ಯಾಕ್ಸಿಮ್ ಅವಳ ಹೆಸರೆತ್ತಿದರೆ ಯಾಕೆ ಮುಖ ತಿರುಗಿಸುತ್ತಾನೆ, ಅಲ್ಲಿಂದ ಮುಂದೆ ಕಥೆ.

ಇದು ಪ್ರೇಮಕಥೆಯೋ, ಸಸ್ಪೆನ್ಸೋ?

ಪ್ರಕಾಶಕ ವಿಕ್ಟರ್ ಗೊಲಾಂಟ್ಸ್ ಇದನ್ನು ಸೊಗಸಾದ ಪ್ರೇಮಕಥೆ ಎಂದೇ ಜಾಹೀರಾತು ಮಾಡಿದ, ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ಬರೆದವಳು ಮಾತ್ರ ಕೊನೆಯವರೆಗೂ ಅದನ್ನು ಒಪ್ಪಲಿಲ್ಲ. ತಾನು ಬರೆದದ್ದು ಅಸೂಯೆಯ ಕಥೆ ಎನ್ನುವುದು ಅವಳ ನಿಲುವು.

ನಾನು ಲೇಖಕಿಯ ಕಡೆ. ಮ್ಯಾಕ್ಸಿಮ್ ಮದುವೆಯ ಮಾತೆತ್ತುವ ಪುಟವನ್ನೇ ತೆಗೆದು ನೋಡಿ. ಹುಡುಗಿ ಒಡತಿಯ ಜೊತೆ ನ್ಯೂಯಾರ್ಕಿಗೆ ಹೊರಡಬೇಕು, ಗಂಟೆಗಳೂ ಉಳಿದಿಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡು ಅವನಿಗೆ ಹೇಳಿ ಹೋಗಲು ಬಂದಿದ್ದಾಳೆ. ಅವನು ಬೆಳಗಿನ ತಿಂಡಿ ತಿನ್ನುತ್ತಾ ‘ನನ್ನನ್ನು ಮದುವೆಯಾಗು’ ಅನ್ನುವ ಅರ್ಥದ ಮಾತು ಹೇಳಿ, ಅದರ ಜೊತೆಗೇ ಪೆದ್ದಿ ಅಂತಲೂ ಕರೆದು, ಮತ್ತೆ ಟೋಸ್ಟು ಮಾರ್ಮಲೇಡಿಗೆ ಕೈ ಹಾಕುತ್ತಾನೆ. ‘ಪ್ರೀತಿಸುತ್ತೇನೆ’ ಎಂಬ ಮಾತು ಆ ಹೊತ್ತಿನಲ್ಲಿ ಅವನ ಬಾಯಿಂದ ಬರುವುದೇ ಇಲ್ಲ. ಅದು ಬಂದಿಲ್ಲ ಎಂದು ಅವಳಿಗೂ ಗೊತ್ತಾಗುತ್ತದೆ, ಗೊತ್ತಾಗಿಯೂ ಒಪ್ಪುತ್ತಾಳೆ. ಆ ಬಾರದ ಮಾತು ಅವಳೊಳಗೆ ಮುಳ್ಳಿನ ಹಾಗೆ ಉಳಿದುಕೊಂಡು ಮುಂದಿನ ಇನ್ನೂರು ಪುಟ ಚುಚ್ಚುತ್ತದೆ. ಸಸ್ಪೆನ್ಸ್ ಇರುವುದು ಹೆಣದಲ್ಲಲ್ಲ, ಅಲ್ಲಿ.

ಮೊದಲ ನೂರು ಪುಟ ಸಾಗುವುದೇ ಇಲ್ಲವಲ್ಲ?

ಅತಿ ಹೆಚ್ಚು ಬರುವ ದೂರು ಇದು. ಹೂವಿನ ವರ್ಣನೆ ಜಾಸ್ತಿ, ಚಹಾ ಜಾಸ್ತಿ, ಮಂಜು ಜಾಸ್ತಿ. ಕೊಲೆ, ಪೊಲೀಸ್, ಓಟ ಎಂದು ಕಾದು ಕೂತವರಿಗೆ ಬೇಸರ ಬರುವುದು ಸಹಜ. ಒಟ್ಟು 27 ಅಧ್ಯಾಯ, ಹುಡುಗಿ ಮ್ಯಾಂಡರ್ಲಿಯ ಗೇಟು ದಾಟುವುದೇ ಏಳನೆಯದರಲ್ಲಿ.

ನನ್ನ ಸಲಹೆ ಒಂದೇ: ಗೇಟು ದಾಟುವವರೆಗೆ ಬಿಡಬೇಡಿ. ಎರಡೂ ಬದಿ ಮರ ಕವಿದ ಉದ್ದದ ದಾರಿ ಮುಗಿಯುವುದೇ ಇಲ್ಲ ಅನ್ನಿಸುವ ಹೊತ್ತಿಗೆ ರೋಡೋಡೆಂಡ್ರಾನ್ ಹೂಗಳ ಗೋಡೆ ಎದುರಾಗುತ್ತದೆ. ರಕ್ತದ ಕೆಂಪು, ತಲೆಗಿಂತ ಎತ್ತರ. ಅವಳು ಬೆಚ್ಚುತ್ತಾಳೆ, ಗಂಡ ‘ಹಿಡಿಸಿತಾ?’ ಎಂದು ಕೇಳುತ್ತಾನೆ. ಅಲ್ಲಿಂದ ಮುಂದೆ ಹೂವಿನ ವರ್ಣನೆ ಬಂದಾಗಲೆಲ್ಲ ನೀವೇ ಎಚ್ಚರವಾಗುತ್ತೀರಿ.

ನಾಯಕಿ ಯಾಕೆ ಅಷ್ಟು ಪೆದ್ದಿ? ಒಂದು ಮಾತು ಬಾಯಿಬಿಟ್ಟು ಕೇಳಬಾರದಾ?

ಈ ಪ್ರಶ್ನೆ ಕೇಳದೆ ನಮ್ಮ ಒಂದು ಚರ್ಚೆಯೂ ಮುಗಿದಿಲ್ಲ. ‘ಕಪಾಳಕ್ಕೆ ಬಾರಿಸಿ ಎಬ್ಬಿಸಬೇಕು ಅನ್ನಿಸ್ತು’ ಅಂದವರೂ ಇದ್ದಾರೆ. ಹೊರದೇಶದ ಓದುಗರೂ ಇದನ್ನೇ ಬರೆಯುತ್ತಾರೆ: ಬೆನ್ನೆಲುಬಿಲ್ಲದ ಹುಡುಗಿ, ಸದಾ ಉಗುರು ಕಚ್ಚಿಕೊಂಡು ಕೂರುತ್ತಾಳೆ ಎಂದು. ನನಗೆ ಇದರ ಬಗ್ಗೆ ಹೇಳಲು ತುಂಬ ಇದೆ, ಉತ್ತರ ಉದ್ದವಾದರೆ ಸಹಿಸಿಕೊಳ್ಳಿ.

ಮ್ಯಾಂಡರ್ಲಿಗೆ ಬಂದ ಮರುದಿನ ಬೆಳಿಗ್ಗೆ ಅವಳು ರೆಬೆಕ್ಕಾ ಕೂರುತ್ತಿದ್ದ ಕೋಣೆಯಲ್ಲಿ, ರೆಬೆಕ್ಕಾಳದೇ ಬರೆಯುವ ಮೇಜಿನ ಮುಂದೆ ಕೂತಿದ್ದಾಳೆ. ಫೋನು ಬಾರಿಸುತ್ತದೆ. ಆ ಕಡೆಯಿಂದ ಯಾರೋ ಮಿಸೆಸ್ ಡಿ ವಿಂಟರ್ ಅವರಾ ಎಂದು ಕೇಳುತ್ತಾರೆ. ಇವಳು ಗಾಬರಿಯಲ್ಲಿ, ನೀವು ತಪ್ಪು ತಿಳಿದಿದ್ದೀರಿ, ಅವರು ತೀರಿಕೊಂಡು ವರ್ಷದ ಮೇಲಾಯಿತು ಎಂದುಬಿಡುತ್ತಾಳೆ. ಹೇಳಿದ ಮೇಲೆ ಹೊಳೆಯುತ್ತದೆ: ಮಿಸೆಸ್ ಡಿ ವಿಂಟರ್ ಅಂದರೆ ಈಗ ತಾನೇ. ಫೋನು ಮಾಡಿದವಳು ಡ್ಯಾನ್ವರ್ಸ್, ಮನೆಯೊಳಗಿಂದಲೇ. ಕೇಳಿದ್ದು ಮಧ್ಯಾಹ್ನದ ಅಡುಗೆಯ ಪಟ್ಟಿ ಸರಿಯಿದೆಯಾ ಎಂದು. ಪಟ್ಟಿ ತೆಗೆದು ನೋಡಿದರೆ ಒಂದು ಕಡೆ ಸಾಸ್ ಯಾವುದು ಎಂಬುದನ್ನು ಖಾಲಿ ಬಿಟ್ಟಿದೆ. ಹಿಂದಿನ ಯಜಮಾನಿ ಸಾಸ್ ವಿಷಯದಲ್ಲಿ ಬಹಳ ನಿಗಾ ಮಾಡುತ್ತಿದ್ದರಂತೆ, ಆದ್ದರಿಂದ ಪ್ರತಿ ಸಲ ಕೇಳುವುದು ಪದ್ಧತಿಯಂತೆ. ಇವಳು ಏನು ಹೇಳುತ್ತಾಳೆ? ಅವರಿದ್ದಿದ್ದರೆ ಯಾವುದು ಮಾಡಿಸುತ್ತಿದ್ದರೋ ಅದೇ ಇರಲಿ ಎನ್ನುತ್ತಾಳೆ.

ಈ ಪುಟ ಓದಿದಾಗ ನನಗೆ ನೆನಪಾದದ್ದು ನಮ್ಮಜ್ಜಿ. ಅವರು ಎರಡನೇ ಸಂಬಂಧಕ್ಕೆ ಬಂದವರು, ಹದಿನಾರು ವರ್ಷಕ್ಕೆ. ತಾತನ ಮೊದಲ ಹೆಂಡತಿ ಬಾಣಂತಿತನದಲ್ಲಿ ಹೋಗಿದ್ದರು. ಪ್ರತಿ ವರ್ಷ ಪಿತೃಪಕ್ಷದಲ್ಲಿ ಅವಿಧವಾ ನವಮಿಯ ದಿನ ಅವರ ಹೆಸರಿನಲ್ಲಿ ಮುತ್ತೈದೆಯನ್ನು ಕರೆದು ಊಟಕ್ಕೆ ಹಾಕುವುದು ಮನೆಯ ಪದ್ಧತಿ. ಅಡುಗೆ ಅಜ್ಜಿಯದೇ. ಹೆಸರುಬೇಳೆ ಪಾಯಸಕ್ಕೆ ಏಲಕ್ಕಿ ಹಾಕುವಂತಿಲ್ಲ, ಯಾಕಂದರೆ ‘ಅವಳಿಗೆ’ ಏಲಕ್ಕಿ ಸೇರುತ್ತಿರಲಿಲ್ಲ ಎಂದು ಅಜ್ಜಿಯ ಅತ್ತೆ ಮೊದಲ ವರ್ಷವೇ ಹೇಳಿದ್ದರು. ಅತ್ತೆ ಹೋದ ಮೇಲೂ, ತಾತ ಹೋದ ಮೇಲೂ, ಅಜ್ಜಿ ಆ ದಿನದ ಪಾಯಸಕ್ಕೆ ಏಲಕ್ಕಿ ಹಾಕಲಿಲ್ಲ. ಎಂದೂ ನೋಡದ, ಮಾತಾಡದ ಒಬ್ಬ ಹೆಂಗಸಿನ ನಾಲಿಗೆಯ ರುಚಿ ಐವತ್ತು ವರ್ಷ ಅವರ ಕೈಯಲ್ಲಿ ಉಳಿದಿತ್ತು. ‘ಯಾಕೆ ಕೇಳಲಿಲ್ಲ ಅಜ್ಜಿ?’ ಅಂದರೆ, ‘ಯಾರನ್ನ ಕೇಳೋದು ಮಗಾ?’ ಅನ್ನುತ್ತಿದ್ದರು.

ಅದಕ್ಕೇ ಈ ಹುಡುಗಿ ಪೆದ್ದಿ ಎಂದು ಯಾರಾದರೂ ಅಂದರೆ ನನಗೆ ತಡೆಯಲು ಆಗುವುದಿಲ್ಲ. ಬೀಗದಕೈ ಬೇರೆಯವರ ಸೊಂಟದಲ್ಲಿರುವ ಮನೆಗೆ ಸೊಸೆಯಾಗಿ ಹೋದವರಿಗೆ ಈ ಕಾದಂಬರಿಯ ಅರ್ಧ ಭಾಗ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಅವಳು ಪಿಂಗಾಣಿಯ ಒಂದು ಪುಟ್ಟ ಗೊಂಬೆ ಒಡೆದು ಚೂರುಗಳನ್ನು ಲಕೋಟೆಗೆ ಹಾಕಿ ಖಾನೆಯ ಹಿಂಬದಿಗೆ ತಳ್ಳುತ್ತಾಳಲ್ಲ, ಆಮೇಲೆ ಅದರ ಅಪವಾದ ಕೆಲಸದ ಹುಡುಗನ ತಲೆಗೆ ಬರುತ್ತದಲ್ಲ, ಅದನ್ನು ಓದಿ ನಮ್ಮ ಬಳಗದ ಒಬ್ಬರು ಪುಸ್ತಕ ಮಡಚಿಟ್ಟು ಸುಮ್ಮನೆ ಕೂತರು. ಅವರು ಹೊಸದಾಗಿ ಹೋದ ಮನೆಯಲ್ಲಿ ಒಡೆದದ್ದು ಉಪ್ಪಿನಕಾಯಿ ಜಾಡಿಯಂತೆ.

ಅವಳಿಗೆ ಹೆಸರೇ ಯಾಕೆ ಇಟ್ಟಿಲ್ಲ?

ಮೊದಲಿಗೆ ಒಪ್ಪುವ ಹೆಸರು ಹೊಳೆಯಲಿಲ್ಲ, ಆಮೇಲೆ ಹೆಸರಿಲ್ಲದೆ ಬರೆಯುವುದೇ ಒಂದು ಸವಾಲಾಗಿ ಹಿಡಿಸಿತು ಎಂದು ಲೇಖಕಿ ಹೇಳಿಕೊಂಡಿದ್ದಾಳೆ. ಅವಳದು ಚಂದದ, ಅಪರೂಪದ ಹೆಸರು ಎಂದು ಮ್ಯಾಕ್ಸಿಮ್ ಒಂದು ಕಡೆ ಹೊಗಳುತ್ತಾನೆ, ಆ ಹೆಸರು ಮಾತ್ರ ನಮ್ಮ ಕಿವಿಗೆ ಬೀಳುವುದಿಲ್ಲ. ಸತ್ತವಳ ಹೆಸರು ಮುಖಪುಟದ ಮೇಲಿದೆ, ಬದುಕಿರುವವಳಿಗೆ ಸಿಕ್ಕಿರುವುದು ಗಂಡನ ಮನೆತನದ ಹೆಸರು ಮಾತ್ರ, ಅದೂ ಇನ್ನೊಬ್ಬಳು ತೊಟ್ಟು ಬಿಟ್ಟದ್ದು.

ಮಿಸೆಸ್ ಡ್ಯಾನ್ವರ್ಸ್ ನಿಜಕ್ಕೂ ದುಷ್ಟಳಾ?

ಹೌದು ಅನ್ನುವವರೇ ಹೆಚ್ಚು. ತಲೆಬುರುಡೆಯಂಥ ಮುಖ, ಕಪ್ಪು ಬಟ್ಟೆ, ಸದ್ದಿಲ್ಲದ ನಡಿಗೆ. ಮೊದಲ ದಿನ ಹುಡುಗಿಯ ಕೈಯಿಂದ ಜಾರಿದ ಕೈಗವಸನ್ನು ಬಗ್ಗಿ ಎತ್ತಿಕೊಡುವಾಗಲೇ ಅವಳ ತುಟಿಯಲ್ಲಿ ತಾತ್ಸಾರ ಕಾಣುತ್ತದೆ.

ನಮ್ಮಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಬೇರೆ ಮಾತು ಹೇಳಿದರು: ‘ಆ ಮನೆಯಲ್ಲಿ ದುಃಖ ಪಟ್ಟವಳು ಅವಳೊಬ್ಬಳೇ.’ ನನಗೆ ಆ ಮಾತು ಬಿಡದೆ ಕಾಡಿದೆ. ರೆಬೆಕ್ಕಾಳನ್ನು ಚಿಕ್ಕವಳಿದ್ದಾಗಿನಿಂದ ಸಾಕಿದವಳು ಡ್ಯಾನ್ವರ್ಸ್. ರೆಬೆಕ್ಕಾಳ ಕೋಣೆಯನ್ನು ತೋರಿಸುವ ಅಧ್ಯಾಯದಲ್ಲಿ ಬ್ರಷ್ಷು, ಚಪ್ಪಲಿ, ರಾತ್ರಿಯ ಉಡುಪು ಒಂದೊಂದಾಗಿ ಮುಟ್ಟಿಸುತ್ತಾಳೆ. ಮೊದಲ ಓದಿಗೆ ಮೈ ನಡುಗಿತು. ಎರಡನೇ ಓದಿಗೆ, ಹೆತ್ತವರು ಹೋದ ಮಗಳ ಬಟ್ಟೆ ಬೀರುವಿನಲ್ಲಿಟ್ಟುಕೊಂಡು ಆಗಾಗ ತೆಗೆದು ನೋಡುವುದು ಕಣ್ಣಮುಂದೆ ಬಂತು. ಅವಳು ಮಾಡುವುದು ಕ್ರೂರ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಅದರ ಬೇರು ಮಾತ್ರ ಪ್ರೀತಿಯಲ್ಲಿದೆ.

‘ಜೇನ್ ಏರ್’ ಕಥೆಯನ್ನೇ ತಿರುಗಿಸಿ ಬರೆದದ್ದಲ್ಲವೇ? ಕೃತಿಚೌರ್ಯದ ಮಾತೂ ಇತ್ತಲ್ಲ?

ಹೋಲಿಕೆ ಎದ್ದು ಕಾಣುತ್ತದೆ: ಬಡ ಹುಡುಗಿ, ವಯಸ್ಸಾದ ಶ್ರೀಮಂತ, ಮನೆಯೊಳಗೆ ಮೊದಲ ಹೆಂಡತಿಯ ನೆರಳು. 1847ರ ಆ ಕಾದಂಬರಿ ಓದಿದವರಿಗೆ ಇದು ಅದರ ವಂಶದ್ದೆಂದು ಕೂಡಲೇ ತಿಳಿಯುತ್ತದೆ. ಆದರೆ ಜೇನ್ ಎದುರು ನಿಂತು ಮಾತಾಡುತ್ತಾಳೆ, ಈ ಹುಡುಗಿಗೆ ಆಡಬೇಕಾದ ಮಾತೆಲ್ಲ ಕಲ್ಪನೆಯಲ್ಲೇ ಮುಗಿಯುತ್ತದೆ.

ಆರೋಪಗಳು ಎರಡು ದಿಕ್ಕಿನಿಂದ ಬಂದವು. ಬ್ರೆಜಿಲ್‌ನ ಕ್ಯಾರೊಲಿನಾ ನಬೂಕೊ 1934ರಲ್ಲಿ ಪ್ರಕಟಿಸಿದ ‘ಆ ಸುಸೆಸ್ಸೋರಾ’ ಕಾದಂಬರಿಯಲ್ಲೂ ಎರಡನೇ ಹೆಂಡತಿ, ಮೊದಲನೆಯವಳ ನೆನಪು ತುಂಬಿದ ಮನೆ ಇವೆ. ಡು ಮೋರಿಯೆ ಅದನ್ನು ತಾನು ಓದಿರಲಿಲ್ಲ ಎಂದಳು. ಅಮೆರಿಕದಲ್ಲಿ ಇನ್ನೊಬ್ಬ ಲೇಖಕಿಯ ಕಡೆಯಿಂದ ಮೊಕದ್ದಮೆಯೇ ಆಯಿತು, 1947ರಲ್ಲಿ ಡು ಮೋರಿಯೆ ನ್ಯೂಯಾರ್ಕಿಗೆ ಹೋಗಿ ಸಾಕ್ಷಿ ಹೇಳಬೇಕಾಯಿತು. ಮೊಕದ್ದಮೆ ವಜಾ ಆಯಿತು. ಎರಡನೇ ಹೆಂಡತಿಯ ಕಥೆ ಯಾರೊಬ್ಬರ ಸ್ವತ್ತೂ ಅಲ್ಲ ಎಂಬುದು ನಮ್ಮ ಜನಪದ ಹಾಡುಗಳನ್ನು ಕೇಳಿದವರಿಗೆ ಗೊತ್ತು.

ಲೇಖಕಿಯ ಸ್ವಂತ ಕಥೆಯಾ ಇದು?

ಒಂದಷ್ಟು ಹೌದು. 1932ರಲ್ಲಿ ಅವಳು ಸೈನ್ಯಾಧಿಕಾರಿ ಫ್ರೆಡರಿಕ್ ಬ್ರೌನಿಂಗ್‌ನನ್ನು ಮದುವೆಯಾದಳು. ಅವನಿಗೆ ಮೊದಲು ಜಾನ್ ರಿಕಾರ್ಡೊ ಎಂಬ ಚೆಲುವೆಯ ಜೊತೆ ನಿಶ್ಚಿತಾರ್ಥವಾಗಿ ಮುರಿದಿತ್ತು. ಆ ಹೆಂಗಸಿನ ಹಳೆಯ ಕಾಗದಗಳು, ಸಹಿಯಲ್ಲಿ ದೊಡ್ಡದಾಗಿ ಬಾಲ ಬೀಸಿದ ‘ಆರ್’ ಅಕ್ಷರ, ಗಂಡನ ಮನಸ್ಸು ಇನ್ನೂ ಅಲ್ಲೇ ಇದೆಯೇನೋ ಎಂಬ ಸಂಶಯ, ಇವೆಲ್ಲ ಅವಳಿಗೆ ಗೊತ್ತಿದ್ದ ನೋವು. ಕಾದಂಬರಿಯ ರೆಬೆಕ್ಕಾಳ ಸಹಿಯಲ್ಲೂ ಅದೇ ‘ಆರ್’ ಮಿಕ್ಕ ಅಕ್ಷರಗಳನ್ನು ಕುಬ್ಜ ಮಾಡಿ ನಿಂತಿದೆ.

ಬರೆಯಲು ಶುರು ಮಾಡಿದ್ದು ಇಂಗ್ಲೆಂಡಿನಲ್ಲಲ್ಲ, 1937ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಗಂಡನಿಗೆ ಅಲ್ಲಿ ಪೋಸ್ಟಿಂಗ್. ಬಿಸಿಲು ತಡೆಯಲಾಗದೆ, ಅಧಿಕಾರಿಗಳ ಹೆಂಡಿರ ಕೂಟಗಳು ಒಗ್ಗದೆ, ಕಾರ್ನ್‌ವಾಲ್‌ನ ಮಳೆ ಮಂಜಿಗೆ ಹಂಬಲಿಸುತ್ತಾ ಕೂತು ಬರೆದಳು. ಮೊದಲ ಹದಿನೈದು ಸಾವಿರ ಪದ ಬರೆದು ಹರಿದು ಹಾಕಿದಳು. ಮ್ಯಾಂಡರ್ಲಿಯ ಮಂಜು ಅಷ್ಟು ದಟ್ಟವಾಗಿರುವುದು ಅದಕ್ಕೇ ಇರಬೇಕು. ಊರಲ್ಲೇ ಇದ್ದವರು ಊರಿನ ಮಳೆಯನ್ನು ಹಾಗೆ ಬರೆಯುವುದು ಕಡಿಮೆ. ದುಬೈಯಲ್ಲಿ ಕೂತು ಮಲೆನಾಡಿನ ಜೂನ್ ತಿಂಗಳನ್ನು ನೆನೆಯುವವರನ್ನು ಕೇಳಿ ನೋಡಿ.

ಮ್ಯಾಂಡರ್ಲಿಗೆ ಆಧಾರ ಕಾರ್ನ್‌ವಾಲ್‌ನ ಫೋಯಿ ಹತ್ತಿರದ ಮೆನಬಿಲಿ ಎಂಬ ಮನೆ. ಅವಳು ಕಂಡಾಗ ಅದು ಪಾಳು ಬಿದ್ದು ಬಳ್ಳಿ ಮುಚ್ಚಿತ್ತು. ಕಾದಂಬರಿ ಹೆಸರು ಮಾಡಿದ ಮೇಲೆ, 1943ರಲ್ಲಿ, ಅದೇ ಮನೆಯನ್ನು ಬಾಡಿಗೆಗೆ ಹಿಡಿದು ರಿಪೇರಿ ಮಾಡಿಸಿ ಇಪ್ಪತ್ತಾರು ವರ್ಷ ಬಾಳಿದಳು. ಮಾಲೀಕರು ರಾಶ್ಲಿ ಮನೆತನದವರು, ಅವಳಿಗೆ ಅದು ಎಂದೂ ಸ್ವಂತವಾಗಲಿಲ್ಲ. 1969ರಲ್ಲಿ ಬಿಟ್ಟು ಹೊರಡಬೇಕಾಯಿತು.

ಆಗಿನ ವಿಮರ್ಶಕರು ಮೆಚ್ಚಿದ್ದರಾ?

ಕೆಲವರಿಗೆ ಇದು ಅಗ್ಗದ ಕಥೆಯಾಗಿ ಕಂಡಿತು, ಇಂದು ಬಂದು ನಾಳೆ ಹೋಗುವ ಪುಸ್ತಕ ಎಂಬ ಭವಿಷ್ಯವೂ ಅಚ್ಚಾಯಿತು. ಓದುಗರ ತೀರ್ಪು ಬೇರೆಯಾಯಿತು. 2003ರಲ್ಲಿ ಬಿಬಿಸಿ ಬ್ರಿಟನ್ನಿನ ಜನರ ಮೆಚ್ಚಿನ ಕಾದಂಬರಿಗಳನ್ನು ಮತಕ್ಕೆ ಹಾಕಿದಾಗ ಇದು 14ನೇ ಸ್ಥಾನದಲ್ಲಿತ್ತು. ಹೆಂಗಸರು ಓದುವ, ಹೆಂಗಸರು ಬರೆದ ಕಥೆ ಎಂದರೆ ಮೊದಲು ಕೆಳಗಿಟ್ಟು ಆಮೇಲೆ ನೋಡುವ ಚಾಳಿ ಎಲ್ಲ ಕಡೆ ಒಂದೇ. ನಮ್ಮಲ್ಲೂ ತ್ರಿವೇಣಿಯವರನ್ನು ‘ಅಡುಗೆಮನೆ ಸಾಹಿತ್ಯ’ದ ಕಪಾಟಿಗೆ ತಳ್ಳಿದವರಿದ್ದರು. ಮನಸ್ಸಿನ ಕತ್ತಲನ್ನು ಅವರಷ್ಟು ಹತ್ತಿರದಿಂದ ಕಂಡವರು ಎಷ್ಟು ಜನ?

ಇಲ್ಲಿಂದ ಮುಂದೆ ಗುಟ್ಟು ಬಯಲಾಗುತ್ತದೆ. ಓದಿಲ್ಲದವರು ಇಲ್ಲಿಗೇ ನಿಲ್ಲಿಸಿ, ಪುಸ್ತಕ ಮುಗಿಸಿ ಬನ್ನಿ.

ಮ್ಯಾಕ್ಸಿಮ್ ಕೊಲೆ ಮಾಡಿದವನು. ಅವನನ್ನು ನಾಯಕ ಎಂದು ಒಪ್ಪಿಕೊಳ್ಳುವುದು ಹೇಗೆ?

ನಮ್ಮ ಮೂರನೇ ಚರ್ಚೆ ಪೂರ್ತಿ ಇದರ ಮೇಲೇ ಹೋಯಿತು.

ಅವನೇ ಹೇಳುವ ಪ್ರಕಾರ, ಅವನು ರೆಬೆಕ್ಕಾಳನ್ನು ಪ್ರೀತಿಸಲೇ ಇಲ್ಲ, ದ್ವೇಷಿಸಿದ. ಅವಳು ಹೊರಗೆ ಮಾದರಿ ಹೆಂಡತಿ, ಒಳಗೆ ತನಗೆ ಬೇಕಾದ ಹಾಗೆ ಬದುಕಿದವಳು. ಇನ್ನೊಬ್ಬನ ಮಗು ತನ್ನ ಹೊಟ್ಟೆಯಲ್ಲಿದೆ, ಅದೇ ಮ್ಯಾಂಡರ್ಲಿಗೆ ವಾರಸುದಾರನಾಗುತ್ತದೆ ಎಂದು ಕೆಣಕಿದಳು. ಇವನು ಗುಂಡು ಹಾರಿಸಿದ, ಹೆಣವನ್ನು ದೋಣಿಯಲ್ಲಿಟ್ಟು ಸಮುದ್ರಕ್ಕೆ ಮುಳುಗಿಸಿದ. ಆಮೇಲೆ ಲಂಡನ್ನಿನ ಡಾಕ್ಟರಿಂದ ತಿಳಿಯುವುದು: ಅವಳಿಗೆ ಕ್ಯಾನ್ಸರ್ ಇತ್ತು, ಮಗುವಾಗುವುದು ಸಾಧ್ಯವೇ ಇರಲಿಲ್ಲ.

ಈ ಮಾತುಗಳಲ್ಲಿ ಎಷ್ಟು ನಂಬಬೇಕು? ರೆಬೆಕ್ಕಾ ಕೆಟ್ಟವಳು ಎಂದು ನಮಗೆ ಹೇಳಿದವನು ಅವಳನ್ನು ಕೊಂದವನೇ. ಅವಳ ಕಡೆಯಿಂದ ಒಂದು ಮಾತೂ ನಮಗೆ ನೇರವಾಗಿ ಸಿಗುವುದಿಲ್ಲ. ಡ್ಯಾನ್ವರ್ಸ್‌ಗೆ ಅವಳು ದೇವತೆ, ಗಂಡನಿಗೆ ಪಿಶಾಚಿ, ದೋಣಿಮನೆಯ ಹತ್ತಿರ ಅಲೆಯುವ ಬೆನ್ ಎಂಬ ಮುಗ್ಧನಿಗೆ ಹಾವಿನ ಹಾಗೆ ಕಂಡವಳು. ಬೆನ್‌ಗೆ ಸುಳ್ಳು ಹೇಳಲು ಕಾರಣವಿಲ್ಲ, ಆದ್ದರಿಂದ ಅವಳಲ್ಲಿ ಕ್ರೌರ್ಯ ಇತ್ತು ಎಂದು ನಾನು ನಂಬುತ್ತೇನೆ. ಆದರೆ ಕ್ರೂರಿಯಾದ ಹೆಂಡತಿಗೆ ಗುಂಡೇ ಶಿಕ್ಷೆ ಎಂದು ಒಪ್ಪಲಾರೆ.

ನನ್ನನ್ನು ಹೆಚ್ಚು ಕಲಕಿದ್ದು ಗುಂಡಲ್ಲ, ಹುಡುಗಿಯ ಪ್ರತಿಕ್ರಿಯೆ. ಗಂಡ ಕೊಲೆಗಾರ ಎಂದು ಕೇಳಿದ ಹೊತ್ತಿನಲ್ಲಿ ಅವಳ ಮನಸ್ಸು ಹಿಡಿದುಕೊಳ್ಳುವುದು ಒಂದೇ ಮಾತನ್ನು: ಇವನು ರೆಬೆಕ್ಕಾಳನ್ನು ಪ್ರೀತಿಸಿರಲಿಲ್ಲ. ಅವಳ ಎದೆ ಹಗುರಾಗುತ್ತದೆ! ಓದುತ್ತಿದ್ದ ನನ್ನ ಎದೆಯೂ ಹಗುರಾಗಿತ್ತು. ಶವ ಸಿಕ್ಕಿದೆ, ವಿಚಾರಣೆ ನಡೆಯುತ್ತದೆ, ಆತ್ಮಹತ್ಯೆ ಎಂದು ತೀರ್ಪು ಬರುತ್ತದೆ, ಅಷ್ಟೂ ಹೊತ್ತು ನಾವು ಕೊಲೆಗಾರ ಸಿಕ್ಕಿಬೀಳದಿರಲಿ ಎಂದು ಉಸಿರು ಬಿಗಿ ಹಿಡಿದು ಓದುತ್ತೇವೆ. ಮುನ್ನೂರು ಪುಟ ಅಸೂಯೆಯನ್ನು ನಮ್ಮೊಳಗೂ ತುಂಬಿಸಿ, ಕೊನೆಗೆ ಕೊಲೆಯನ್ನು ಸಮಾಧಾನದ ಸುದ್ದಿಯ ಹಾಗೆ ಕೇಳಿಸಿಬಿಟ್ಟಿದ್ದಾಳೆ ಲೇಖಕಿ.

ಅವನು ನಾಯಕನಾ ಎಂದರೆ, ಇಲ್ಲ.

ಕೊನೆಯಲ್ಲಿ ಹುಡುಗಿ ಗೆದ್ದಳಾ?

ಒಂದೇ ರಾತ್ರಿಯಲ್ಲಿ ಅವಳು ದೊಡ್ಡವಳಾಗುತ್ತಾಳೆ. ಮರುದಿನ ಅಡುಗೆಯ ಪಟ್ಟಿ ಬಂದಾಗ ತಣ್ಣಗಿನ ಮಿಕ್ಕ ತಿಂಡಿಗಳನ್ನು ಹೊಡೆದುಹಾಕಿ ಬಿಸಿಯದು ಮಾಡಿಸುತ್ತಾಳೆ, ಈಗ ಮಿಸೆಸ್ ಡಿ ವಿಂಟರ್ ನಾನು ಎಂದು ಡ್ಯಾನ್ವರ್ಸ್ ಎದುರು ಹೇಳುತ್ತಾಳೆ. ಚಪ್ಪಾಳೆ ತಟ್ಟಬೇಕು ಅನ್ನಿಸುತ್ತದೆ. ಆದರೆ ತಾನು ಪ್ರೀತಿಸಿದ ಆ ಎಳೆಯ, ದಾರಿ ತಪ್ಪಿದ ಮುಖಭಾವ ಅವಳಿಂದ ಹೋಗಿಬಿಟ್ಟಿತು, ಇನ್ನು ಬಾರದು ಎಂದು ಮ್ಯಾಕ್ಸಿಮ್ ಕೊರಗುತ್ತಾನೆ. ಅವನಿಗೆ ಬೇಕಾಗಿದ್ದುದು ಯಾವುದು ಎಂದು ಆ ಒಂದು ಮಾತಿನಲ್ಲಿ ಗೊತ್ತಾಗುತ್ತದೆ.

ಕಥೆ ಅರ್ಧಕ್ಕೆ ನಿಂತ ಹಾಗಿದೆಯಲ್ಲ? ಮನೆಗೆ ಬೆಂಕಿ ಇಟ್ಟವರು ಯಾರು?

ಪುಸ್ತಕದಲ್ಲಿ ಬೆಂಕಿ ಹಚ್ಚಿದ್ದನ್ನು ತೋರಿಸಿಲ್ಲ. ಡ್ಯಾನ್ವರ್ಸ್ ಪೆಟ್ಟಿಗೆ ಕಟ್ಟಿಕೊಂಡು ಮನೆ ಬಿಟ್ಟಳು ಎಂಬ ಸುದ್ದಿ ಫೋನಿನಲ್ಲಿ ಬರುತ್ತದೆ. ಲಂಡನ್ನಿನಿಂದ ಕಾರಿನಲ್ಲಿ ರಾತ್ರಿಯೆಲ್ಲ ಬರುತ್ತಿದ್ದಾಗ ಮುಂದೆ ಆಕಾಶ ಕೆಂಪಾಗಿ ಕಾಣುತ್ತದೆ, ಸಮುದ್ರದ ಉಪ್ಪುಗಾಳಿಯ ಜೊತೆ ಬೂದಿ ಹಾರಿ ಬರುತ್ತದೆ. ಅಲ್ಲಿಗೆ ಮುಗಿಯಿತು.

ಮುಗಿಸಿದ ಕೂಡಲೇ ಮೊದಲ ಎರಡು ಅಧ್ಯಾಯ ಮತ್ತೆ ಓದಿ. ಲೇಖಕಿ ಮೊದಲು ಕೊನೆಗೆ ಇಟ್ಟಿದ್ದ ಉಪಸಂಹಾರವನ್ನು ಆಮೇಲೆ ಶುರುವಿಗೆ ತಂದಳು. ಗಂಡಹೆಂಡತಿ ಹೊರದೇಶದ ಹೋಟೆಲುಗಳಲ್ಲಿ ದಿನ ಕಳೆಯುತ್ತಿರುವುದು, ಊರಿನ ಪತ್ರಿಕೆಯಲ್ಲಿ ಕ್ರಿಕೆಟ್ ಸ್ಕೋರು ಓದಿ ಅದರಲ್ಲೇ ಸಮಾಧಾನ ಕಾಣುವುದು ಎಲ್ಲ ಅಲ್ಲಿದೆ. ‘ಮುಂದೇನಾಯಿತು’ ಎಂಬುದಕ್ಕೆ ಉತ್ತರ ನಿಮ್ಮ ಕೈಗೆ ಮೊದಲೇ ಸಿಕ್ಕಿತ್ತು.

ಸಿನಿಮಾ ನೋಡಿದರೆ ಸಾಕಾ?

ಸಾಲದು. ಆಲ್ಫ್ರೆಡ್ ಹಿಚ್‌ಕಾಕ್ 1940ರಲ್ಲಿ ತೆಗೆದ ಚಿತ್ರ ಚೆನ್ನಾಗಿದೆ, ಅವರ ಚಿತ್ರಗಳಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದದ್ದು ಅದೊಂದೇ. ಡ್ಯಾನ್ವರ್ಸ್ ಆಗಿ ಜೂಡಿತ್ ಆ್ಯಂಡರ್ಸನ್ ಕಣ್ಣು ಮಿಟುಕಿಸದೆ ನಿಲ್ಲುವುದನ್ನು ಮರೆಯಲಾಗದು. ಆದರೆ ಹೆಂಡತಿಯನ್ನು ಕೊಂದವನು ಶಿಕ್ಷೆಯಿಲ್ಲದೆ ಹೋಗಬಾರದು ಎಂಬ ಆಗಿನ ಹಾಲಿವುಡ್ ನಿಯಮದಿಂದಾಗಿ ಕೊಲೆಯನ್ನು ಆಕಸ್ಮಿಕವಾಗಿ ಬದಲಾಯಿಸಿದರು. ಕಾದಂಬರಿಯ ನೈತಿಕ ಇಕ್ಕಟ್ಟು ಅಲ್ಲಿಗೆ ಸಡಿಲವಾಯಿತು.

ನಮ್ಮ ಹಿರಿಯರು ಬಹಳ ಮಂದಿ ಈ ಕಥೆಯನ್ನು ಹಿಂದಿಯ ‘ಕೊಹ್ರಾ’ (1964) ಮೂಲಕವೇ ಕಂಡವರು. ಬಿರೇನ್ ನಾಗ್ ನಿರ್ದೇಶನ, ವಹೀದಾ ರೆಹಮಾನ್, ಬಿಶ್ವಜಿತ್, ಡ್ಯಾನ್ವರ್ಸ್ ಜಾಗದಲ್ಲಿ ಲಲಿತಾ ಪವಾರ್. ಹೇಮಂತ್ ಕುಮಾರ್ ಸಂಗೀತಕ್ಕಾಗಿಯಾದರೂ ನೋಡಿ. 2020ರ ನೆಟ್‌ಫ್ಲಿಕ್ಸ್ ಚಿತ್ರದಲ್ಲಿ ಬಣ್ಣ, ಬಿಸಿಲು ಎರಡೂ ಅತಿಯಾಯಿತು, ಭಯಕ್ಕೆ ಜಾಗ ಉಳಿಯಲಿಲ್ಲ.

ಇಂಗ್ಲಿಷ್ ಕಷ್ಟವಾಗುತ್ತದಾ?

ಪಿಯುಸಿ ಮಟ್ಟದ ಇಂಗ್ಲಿಷ್ ಬಂದರೆ ಓದಬಹುದು. ಹೂವಿನ ಹೆಸರು, ದೋಣಿಯ ಭಾಗಗಳ ಹೆಸರು ತಿಳಿಯದಿದ್ದರೆ ನಿಘಂಟು ತೆಗೆಯದೆ ಮುಂದೆ ಹೋಗಿ.

ಎರಡನೇ ಸಲ ಓದುವಾಗ ಏನನ್ನು ಗಮನಿಸಬೇಕು?

ಮಾಂಟೆ ಕಾರ್ಲೊದ ಅಧ್ಯಾಯಗಳಲ್ಲಿ ಒಂದು ಸಣ್ಣ ಘಟನೆ ಇದೆ, ಮೊದಲ ಓದಿನಲ್ಲಿ ಯಾರೂ ಅದರ ಮೇಲೆ ನಿಲ್ಲುವುದಿಲ್ಲ. ಮ್ಯಾಕ್ಸಿಮ್ ಅವಳಿಗೆ ಓದಲು ಕೊಟ್ಟ ಪದ್ಯಪುಸ್ತಕದ ಮೊದಲ ಹಾಳೆಯಲ್ಲಿ ರೆಬೆಕ್ಕಾಳ ಬರಹ, ಅದೇ ದೊಡ್ಡ ‘ಆರ್’. ಮದುವೆ ಗೊತ್ತಾದ ದಿನ ಹುಡುಗಿ ಕತ್ತರಿ ತೆಗೆದುಕೊಂಡು, ಗುರುತು ಉಳಿಯದ ಹಾಗೆ ಆ ಹಾಳೆಯನ್ನು ಬುಡದಿಂದ ಕತ್ತರಿಸುತ್ತಾಳೆ. ಚೂರು ಚೂರು ಮಾಡಿ ಕಸದ ಬುಟ್ಟಿಗೆ ಹಾಕುತ್ತಾಳೆ. ಮನಸ್ಸು ತಡೆಯದೆ ಮತ್ತೆ ಬಂದು ಕಡ್ಡಿ ಗೀರುತ್ತಾಳೆ. ಕಾಗದ ಸುರುಟಿ, ಕಪ್ಪಾಗಿ, ಬೂದಿಯಾಗುತ್ತದೆ. ಕೊನೆಗೆ ಉಳಿಯುವುದು ‘ಆರ್’ ಅಕ್ಷರ ಇರುವ ಚೂರು. ಅದು ಉರಿಯಲ್ಲಿ ಹೊರಳಿ, ಒಂದು ಕ್ಷಣ ಮೊದಲಿಗಿಂತ ದೊಡ್ಡದಾಗಿ ಕಂಡು, ಆಮೇಲೆ ಸುಕ್ಕುಗಟ್ಟುತ್ತದೆ. ಅವಳು ಎದ್ದು ಹೋಗಿ ಕೈ ತೊಳೆದುಕೊಳ್ಳುತ್ತಾಳೆ.